ಕಳ್ಳನಿಗೊಂದು ಗೊರಬು

ಆರಿದ್ರ ಮಳೆ ಹಿಡಿಯುವ ಮೊದಲು ನಮ್ಮ ಮನೆಯಲ್ಲಿ ಎರಡು ಬಗೆಯ ಸಿದ್ಧತೆ ನಡೆಯುತ್ತಿತ್ತು. ಒಂದು, ಮಲೆನಾಡಿನ ಎಲ್ಲ ಮನೆಗಳಲ್ಲೂ ನಡೆಯುವಂಥದ್ದು. ಕಟ್ಟಿಗೆ ಒಟ್ಟುವುದು, ಹಲಸಿನ ಹಪ್ಪಳ ಒಣಗಿಸಿ ಡಬ್ಬ ತುಂಬುವುದು, ಗೋಡೆಗೆ ಇರಚಲು ಹೊಡೆಯದಂತೆ ಸೋಗೆಯ ತಟ್ಟಿ ಕಟ್ಟುವುದು, ತೀರ್ಥಹಳ್ಳಿ ಪೇಟೆಯಿಂದ ಉಪ್ಪು, ಮೆಣಸು, ಬೆಲ್ಲ, ಸೀಮೆಎಣ್ಣೆ ತಂದಿಡುವುದು. ಇನ್ನೊಂದನ್ನು ಅಜ್ಜಿ ಒಬ್ಬಳೇ ಮಾಡುತ್ತಿದ್ದಳು. ಜಗಲಿಯಿಂದ ನಡುಮನೆಯವರೆಗೆ, ಸೊಂಟದೆತ್ತರಕ್ಕಿಂತ ಕೆಳಗಿರುವ ಮತ್ತು ಒಡೆಯಬಹುದಾದ ಒಂದೊಂದನ್ನೂ ಹುಡುಕಿ ಮೇಲಕ್ಕೇರಿಸುತ್ತಿದ್ದಳು. ಉಪ್ಪಿನಕಾಯಿ ಜಾಡಿ ಅಟ್ಟಕ್ಕೆ, ಲಾಟೀನು ಎತ್ತರದ ಮೊಳೆಗೆ, ಅಜ್ಜಯ್ಯನ ಎಲೆಪೆಟ್ಟಿಗೆ ಕಿಟಕಿಯ ಮೇಲಿನ ಗೂಡಿಗೆ, ರೇಡಿಯೋ ಗೋಡೆಯ ಹಲಗೆಗೆ.

ಎಲೆಪೆಟ್ಟಿಗೆ ಕೈಗೆ ಸಿಗದೆ ಅಜ್ಜಯ್ಯ ಗೊಣಗುತ್ತಿದ್ದರು. "ಮಕ್ಕಳನ್ನ ಒಂದು ಕಡೆ ಕೂರಿಸೋದು ಬಿಟ್ಟು ಸಾಮಾನೆಲ್ಲ ಎತ್ತಿಡ್ತೀಯಲ್ಲೇ ಮಾರಾಯ್ತಿ!"

"ಸಾಮಾನಾದ್ರೆ ಇಟ್ಟಲ್ಲಿ ಇರ್ತದೆ" ಎನ್ನುತ್ತಿದ್ದಳು ಅಜ್ಜಿ.

ನಾವು ಒಂಬತ್ತು ಮಂದಿ. ದೊಡ್ಡಪ್ಪನ ಮಕ್ಕಳು ಮೂವರು, ನಾವು ಮೂವರು, ಚಿಕ್ಕಪ್ಪನ ಮಕ್ಕಳು ಇಬ್ಬರು, ಓದಲೆಂದು ನಮ್ಮಲ್ಲೇ ಉಳಿದಿದ್ದ ಅತ್ತೆಯ ಮಗ ಒಬ್ಬ. 1970ರ ದಶಕದ ಮಾತು. ನಮ್ಮೂರಿಂದ ನೋಡಿದರೆ ಆಗುಂಬೆಯ ಕಡೆಯ ಬೆಟ್ಟಸಾಲು ಬೇಸಿಗೆಯಲ್ಲಿ ನೀಲಿಯಾಗಿ ಕಾಣುತ್ತಿತ್ತು, ಮಳೆಗಾಲದಲ್ಲಿ ಕಾಣುತ್ತಲೇ ಇರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಂದರೆ ನಾಲ್ಕಾಳೆತ್ತರದ ನೀರು. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ನಮ್ಮೂರಿಗೆ ಅಷ್ಟಿಲ್ಲದಿದ್ದರೂ ಅದರ ಎಂಜಲು ಧಾರಾಳವಾಗಿಯೇ ಸಿಗುತ್ತಿತ್ತು. ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಒಂದೊಂದಕ್ಕೆ 13 ಅಥವಾ 14 ದಿನ. ಈ ನಾಲ್ಕು ಮಳೆ ಕಳೆಯುವವರೆಗೆ ಅಂಗಳ ನಮ್ಮದಲ್ಲ. ಪಾಚಿ ಕಟ್ಟಿ ಜಾರುತ್ತಿತ್ತು. ಅಂಗಳ ದಾಟಿದರೆ ಉಂಬಳ. ತೋಟದ ಆಚೆ ಹಳ್ಳ. ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ, ಸಂಕದಾಚೆ ಶಾಲೆ. ಸಂಕ ಮುಳುಗಿದ ದಿನ ಶಾಲೆಗೆ ರಜೆ ಯಾರೂ ಕೊಡಬೇಕಾಗಿರಲಿಲ್ಲ. ದೊಡ್ಡಪ್ಪ ಬೆಳಿಗ್ಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ನೋಡಿ ಬಂದು, ಬಾಗಿಲಲ್ಲಿ ಕಾಲು ತೊಳೆಯುತ್ತ "ಇಲ್ಲ" ಎಂದರೆ ಮುಗಿಯಿತು. ಒಂಬತ್ತು ಮಕ್ಕಳು, ಒಂದು ಮನೆ, ಬೆಳಗಿನ ಎಂಟು ಗಂಟೆ.

ನಮ್ಮದು ತೊಟ್ಟಿಮನೆ. ಈಗಿನ ಮಕ್ಕಳಿಗೆ ತೊಟ್ಟಿಮನೆ ಎಂದರೆ ಹೇಗಿರುತ್ತದೆಂದು ವಿವರಿಸುವ ಕಷ್ಟವನ್ನು ಶಂಕರ್‌ನಾಗ್ ಕಡಿಮೆ ಮಾಡಿಟ್ಟಿದ್ದಾರೆ. 1980ರ ದಶಕದಲ್ಲಿ ಅವರು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಆಗುಂಬೆಯ ದೊಡ್ಡಮನೆಯನ್ನು ಪರದೆಯ ಮೇಲೆ ನೋಡದವರು ಕಡಿಮೆ. ನಡುವೆ ಆಕಾಶಕ್ಕೆ ತೆರೆದುಕೊಂಡ ತೊಟ್ಟಿ, ಸುತ್ತ ಜಗಲಿ, ಮಾಡನ್ನು ಹೊತ್ತ ಕಂಬಗಳು. ನಮ್ಮದು ಅಷ್ಟು ದೊಡ್ಡದಲ್ಲ. ತೊಟ್ಟಿಯ ನಾಲ್ಕು ಮೂಲೆಗೆ ನಾಲ್ಕೇ ಕಂಬ, ಹಲಸಿನ ಮರದವು. ನಾಲ್ಕೂ ಸೊಂಟದ ಹತ್ತಿರ ನುಣುಪಾಗಿ ಹೊಳೆಯುತ್ತಿದ್ದವು. ಕೆತ್ತಿದ ಬಡಗಿ ಮಾಡಿದ ನುಣುಪಲ್ಲ ಅದು. ನಮಗಿಂತ ಮೊದಲು ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ, ಅತ್ತೆಯಂದಿರು ಆಡಿದ ಕಂಬದಾಟದ ಕೈಗುರುತು.

ಕಂಬದಾಟ ಎಲ್ಲರಿಗೂ ಗೊತ್ತು. ನಾಲ್ಕು ಕಂಬಕ್ಕೆ ನಾಲ್ವರು, ನಡುವೆ ಕಳ್ಳ. ಕಂಬ ಹಿಡಿದವರು ಕಣ್ಣಲ್ಲೇ ಮಾತಾಡಿಕೊಂಡು ಜಾಗ ಬದಲಾಯಿಸಬೇಕು, ಆ ಗಳಿಗೆಯಲ್ಲಿ ಬರಿದಾದ ಕಂಬವನ್ನು ಕಳ್ಳ ಹಿಡಿಯಬೇಕು. ಐದು ಜನರ ಆಟ. ನಾವು ಒಂಬತ್ತು. ಯಾರನ್ನೂ ಬಿಡುವಂತಿಲ್ಲ, ಬಿಟ್ಟವರು ಅಡುಗೆಮನೆಗೆ ಹೋಗಿ ದೂರು ಹೇಳುತ್ತಾರೆ. ಅದಕ್ಕೆ ದೊಡ್ಡಪ್ಪನ ಮಗಳು, ನಮ್ಮೆಲ್ಲರ ಅಕ್ಕ, ಒಂದು ಲೆಕ್ಕ ಹೊಂದಿಸಿದಳು. ಕಂಬಕ್ಕೆ ಇಬ್ಬರಂತೆ ನಾಲ್ಕು ಜೋಡಿ, ಕಳ್ಳ ಒಬ್ಬ. ಜೋಡಿಯವರು ಕೈ ಬಿಡದೆ ಓಡಬೇಕು. ಕಳ್ಳ ಕಂಬ ಹಿಡಿದರೆ ಆ ಜೋಡಿ ಒಡೆಯಿತು, ಇಬ್ಬರಲ್ಲಿ ತಡವಾಗಿ ಬಂದವರು ಕಳ್ಳ, ಉಳಿದವರಿಗೆ ಹಳೆಯ ಕಳ್ಳನೇ ಹೊಸ ಜೋಡಿ. ಒಂದು ಬೆಳಿಗ್ಗೆ ಮುಗಿಯುವುದರೊಳಗೆ ಎಲ್ಲರೂ ಎಲ್ಲರ ಕೈ ಹಿಡಿದು ಓಡಿ ಆಗುತ್ತಿತ್ತು. ಹಿಂದಿನ ರಾತ್ರಿ ಮಾತು ಬಿಟ್ಟವರು ಕೂಡ.

ಕಳ್ಳ ನಿಲ್ಲಬೇಕಾದದ್ದು ನಡುವೆ. ನಮ್ಮ ಮನೆಯಲ್ಲಿ ನಡುವೆ ಎಂದರೆ ತೊಟ್ಟಿ, ತೊಟ್ಟಿ ಎಂದರೆ ಮಳೆ. ನಾಲ್ಕೂ ಕಡೆಯ ಮಾಡಿನ ನೀರು ಅಲ್ಲಿಗೇ ಬೀಳುತ್ತಿತ್ತು. ಕಂಬ ಸಿಗದ ಕಳ್ಳ ತೊಯ್ದು ತೊಪ್ಪೆ. ಬೇರೆ ಮನೆಗಳಲ್ಲಿ ಕಳ್ಳನಾಗುವುದು ಅವಮಾನವಾಗಿತ್ತೇನೋ, ನಮ್ಮಲ್ಲಿ ಅದೊಂದು ಯೋಗ. ಬೇಕೆಂದೇ ನಿಧಾನ ಓಡಿ ಕಳ್ಳರಾಗುವವರು ಹೆಚ್ಚಾದಾಗ ಅಜ್ಜಿ ಗದರಿದಳು. ಆಟ ನಿಲ್ಲಿಸಲಿಲ್ಲ. ಕೊಟ್ಟಿಗೆಯ ಗೋಡೆಗೆ ನೇತುಹಾಕಿದ್ದ ಗೊರಬನ್ನು ತಂದು ಕಳ್ಳನ ತಲೆಗೆ ಹಾಕಿದಳು. ನೆಟ್ಟಿ ನೆಡುವ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುವ, ಬಿದಿರ ಹೆಣಿಗೆಯ ನಡುವೆ ಎಲೆ ತುಂಬಿದ ಗೊರಬು. ತಲೆಯಿಂದ ಸೊಂಟದ ಕೆಳಗಿನವರೆಗೆ ಇಳಿಯುವ ಅದರೊಳಗೆ ಏಳು ವರ್ಷದ ಹುಡುಗ ಹೊಕ್ಕರೆ ಎರಡು ಕಾಲಿನ ಆಮೆ. ಆಮೆ ಓಡಬೇಕು, ತಿರುಗಬೇಕು, ಕಂಬ ಹಿಡಿಯಬೇಕು. ನಗುವಿಗೆ ನಮ್ಮ ಕೈ ಕಂಬದಿಂದ ಜಾರುತ್ತಿತ್ತು. ಹಾಗೆ ಜಾರಿದ್ದೇ ಆಮೆಗೆ ಅನುಕೂಲ.

ಈ ಗದ್ದಲದ ನಡುವೆ ಅಜ್ಜಯ್ಯ ಜಗಲಿಯ ಮೂಲೆಯಲ್ಲಿ ಮಳೆಯನ್ನೇ ನೋಡುತ್ತ ಕೂತಿರುತ್ತಿದ್ದರು. ಪುನರ್ವಸು ಬಿಡದೆ ಹೊಡೆದರೆ ಅಡಿಕೆಗೆ ಕೊಳೆ ಬರುತ್ತದೆ. ಮೈಲುತುತ್ತ, ಸುಣ್ಣ ಸೇರಿಸಿ ಹೊಡೆದ ಔಷಧ ಒಣಗಲು ಒಂದು ಹೊತ್ತಿನ ಹೊಳವಾದರೂ ಬೇಕು. ನಾವು "ಹೊಳವಾಗದಿರಲಿ, ಸಂಕ ಏಳದಿರಲಿ" ಎಂದುಕೊಳ್ಳುತ್ತಿದ್ದೆವು. ಒಂದೇ ಮಾಡಿನ ಕೆಳಗೆ ಎರಡು ಪ್ರಾರ್ಥನೆ. ಅವರದ್ದು ಸಲ್ಲಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ಕೊಳೆಗೆ ಇನ್ನೊಂದು ಉಪಾಯವಿತ್ತು. ಅಡಿಕೆ ಹಾಳೆಯಿಂದ ಕೊಟ್ಟೆ ಮಾಡಿ ಗೊನೆಗೆ ಕಟ್ಟುವುದು. ಅದಕ್ಕೆಂದು ಬೇಸಿಗೆಯಲ್ಲೇ ಅಗಲದ ಒಳ್ಳೊಳ್ಳೆ ಹಾಳೆಗಳನ್ನು ಆರಿಸಿ ಅಟ್ಟದಲ್ಲಿ ಕಟ್ಟಿಡುತ್ತಿದ್ದರು. ನಮ್ಮ ಕಣ್ಣಿಗೆ ಅವು ಬಂಡಿಗಳು. ಹಾಳೆಯ ಮೇಲೆ ಒಬ್ಬರು ಕೂತು ಕಾಲು ಚಾಚಿ ಅಂಚು ಹಿಡಿಯಬೇಕು, ಸೋಗೆಯ ತೊಟ್ಟು ಹಿಡಿದು ಇನ್ನಿಬ್ಬರು ಎಳೆಯಬೇಕು. ಅಂಗಳದ ಮಣ್ಣಿನಲ್ಲಿ ಹಾಳೆ ಎಳೆದವರಿಗೆ ನಡುಮನೆಯ ಕಾವಿನೆಲದ ವೇಗ ಗೊತ್ತಿರುವುದಿಲ್ಲ. ಎಳೆಯುವವರು ನಿಂತರೂ ಬಂಡಿ ನಿಲ್ಲದು. ಪಾದ ಹುಗಿದು, ಬೆನ್ನು ಬಗ್ಗಿಸಿ, ದೇವರ ಕೋಣೆಯ ಮುಂದಿನ ತಿರುವಿನಲ್ಲಿ ಹೊರಳಿಸುವಾಗ ಎಳೆಯುವವರ ತೋಳು, ತೊಡೆ, ಹೊಟ್ಟೆ ಎಲ್ಲ ಬಿಗಿಯುತ್ತಿತ್ತು. ಕೂತವರಿಗೇನು ಸುಖವೆಂದುಕೊಳ್ಳಬೇಡಿ. ಬೀಳದಂತೆ ಮೈ ತೂಗುವುದು ಎಳೆಯುವುದಕ್ಕಿಂತ ಕಷ್ಟ. ಸರದಿ ಬದಲಾಯಿಸುವಾಗ ಎಲ್ಲರದ್ದೂ ಒಂದೇ ಏದುಸಿರು.

ನನ್ನ ಗಲ್ಲದ ಕೆಳಗೆ ಅರ್ಧ ಅಕ್ಕಿಕಾಳಿನಷ್ಟು ಗೆರೆಯಿದೆ. ಅದು ನಡುಮನೆಯ ಹೊಸಿಲಿನ ಗುರುತು. ಎಳೆಯುತ್ತಿದ್ದವನು ಅತ್ತೆಯ ಮಗ. ಅವನು ಹೊಸಿಲು ದಾಟಿದ, ಬಂಡಿ ದಾಟಲಿಲ್ಲ, ನಾನು ಬಂಡಿ ಬಿಟ್ಟು ದಾಟಿದೆ. ರಕ್ತ ನೋಡಿ ಅವನು ನನಗಿಂತ ಜೋರಾಗಿ ಅತ್ತ. ಚಿಕ್ಕಮ್ಮ ಕಾಫಿಪುಡಿ ಒತ್ತಿದಳು, ಅಜ್ಜಿ ಅದರ ಮೇಲೆ ಅರಿಸಿನ ಒತ್ತಿದಳು, ಅಮ್ಮ ಇಬ್ಬರನ್ನೂ ಬೈದಳು. ಸಂಜೆ ದೊಡ್ಡಪ್ಪ ಕೇಳಿದ್ದು ಒಂದೇ ಮಾತು. "ಕೊಟ್ಟೆಯ ಹಾಳೆ ಹರಿದವರು ಯಾರು?" ಮರುದಿನ ಅಟ್ಟದ ಬಾಗಿಲಿಗೆ ಚಿಲಕ ಬಿತ್ತು. ಅದರ ಮರುದಿನ ದೊಡ್ಡಪ್ಪನೇ ಕೊಟ್ಟೆಗೆ ಬಾರದ ನಾಲ್ಕು ಸೀಳುಹಾಳೆಗಳನ್ನು ತಂದು ಜಗಲಿಗೆ ಎಸೆದು, ಏನೂ ಹೇಳದೆ ತೋಟಕ್ಕೆ ಹೋದರು. ಅವರ ಪ್ರೀತಿಯೆಲ್ಲ ಹೀಗೇ ಎಸೆದು ಹೋಗುವಂಥದ್ದು.

ಮಳೆಗಾಲದ ಆಟ ಎಂದರೆ ಚೆನ್ನೆಮಣೆ, ಪಗಡೆ ಎಂದು ಬರೆಯುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಅವರು ಮಳೆಗಾಲದ ಸಂಜೆಯನ್ನಷ್ಟೇ ನೆನಪಿಟ್ಟುಕೊಂಡವರು. ಚೆನ್ನೆಮಣೆ ನಮ್ಮಲ್ಲೂ ಇತ್ತು. 14 ಗುಳಿ, ಗುಳಿಗೆ 4 ಹುಣಸೆಬೀಜ. ಆದರೆ ಅದು ದೀಪ ಹಚ್ಚಿದ ಮೇಲೆ, ಕಾಲಿಗೆ ಬಲವಿಲ್ಲದಾಗ. ಹಗಲಿನಲ್ಲಿ ಅದರ ಮುಂದೆ ಕೂತವನಿಗೆ ಜ್ವರ ಬಂದಿದೆ ಎಂದೇ ಅರ್ಥ. ಹಗಲಿನ ಆಟಗಳಲ್ಲಿ ಕರಟದ ಲಗೋರಿಯೂ ಒಂದು. ಏಳು ಕಲ್ಲಿನ ಬದಲು ಏಳು ತೆಂಗಿನ ಕರಟ, ರಬ್ಬರ್ ಚೆಂಡಿನ ಬದಲು ಹಳೆಯ ಸೀರೆ ಸುತ್ತಿದ ಬಟ್ಟೆಚೆಂಡು. ಕರಟ ಉರುಳುವ ಸದ್ದು ಮಳೆಯ ಸದ್ದಿಗೂ ಮೇಲೆ ಕೇಳುತ್ತಿತ್ತು. ಜಗಲಿಯಲ್ಲಿ ಇದ್ದಿಲಿನಿಂದ ಗೆರೆ ಎಳೆದು ಕುಂಟೆಬಿಲ್ಲೆ, ಬಿಲ್ಲೆಗೆ ಮಂಗಳೂರು ಹೆಂಚಿನ ಚೂರು. ಒಬ್ಬರ ಬೆನ್ನಿಗೊಬ್ಬರು ಏರುವ ಉಪ್ಪಿನ ಮೂಟೆ. ಚಿಣ್ಣಿದಾಂಡಿಗೆ ಮಾತ್ರ ಒಳಗೆ ಪ್ರವೇಶವಿರಲಿಲ್ಲ. ಲಾಟೀನಿನ ಗಾಜು ಎರಡು ಸಲ ಹೋದ ಮೇಲೆ ಅಜ್ಜಿ ಚಿಣ್ಣಿಯನ್ನು ಬಚ್ಚಲ ಒಲೆಗೆ ಹಾಕಿದಳು.

ಎಲ್ಲಕ್ಕಿಂತ ಮೈಮುರಿಸುತ್ತಿದ್ದದ್ದು ಯಕ್ಷಗಾನ. ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಬಯಲಲ್ಲಿ ರಂಗಸ್ಥಳ ಕಟ್ಟುವಂತಿಲ್ಲ. ಆಗ ಆಟ ಮನೆಯೊಳಗೆ ಬರುತ್ತದೆ, ತಾಳಮದ್ದಳೆಯಾಗಿ. ವೇಷವಿಲ್ಲ, ಕುಣಿತವಿಲ್ಲ, ಚಾಪೆಯ ಮೇಲೆ ಕೂತು ಪದ್ಯ ಮತ್ತು ಮಾತು. ನಮ್ಮ ಜಗಲಿಯಲ್ಲೂ ಪ್ರತಿವರ್ಷ ಒಂದೆರಡು ರಾತ್ರಿ ಆಗುತ್ತಿತ್ತು. ದೊಡ್ಡವರು ತಲೆದೂಗುತ್ತಿದ್ದರು. ನಮಗೆ ಸಿಟ್ಟು ಬರುತ್ತಿತ್ತು. ಕೃಷ್ಣ, ಅರ್ಜುನರು ಯುದ್ಧಕ್ಕೆ ನಿಂತೂ ಕಾಲು ಮಡಚಿ ಕೂತೇ ಇದ್ದಾರಲ್ಲ ಎಂದು. ಬೇಸಿಗೆಯಲ್ಲಿ ನಾವು ನಿದ್ದೆಗೆಟ್ಟು ಕಂಡದ್ದು ಬೇರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ರಂಗಕ್ಕೆ ಬಂದರೆ ಅರೆನಿದ್ದೆಯಲ್ಲಿದ್ದ ಮಕ್ಕಳೂ ಎದ್ದು ಕೂರುತ್ತಿದ್ದರು. ದೊಡ್ಡವರು ಕೂತು ಮುಗಿಸಿದ ಯುದ್ಧವನ್ನು ಮರುದಿನ ನಾವು ನಿಂತು ಮಾಡುತ್ತಿದ್ದೆವು.

ಹಾಳೆ ಕತ್ತರಿಸಿ ಕಿರೀಟ, ಅಮ್ಮನ ಸೀರೆ ಸುತ್ತಿ ಕಸೆ, ಹಪ್ಪಳದ ಖಾಲಿ ಡಬ್ಬ ಚೆಂಡೆ. ಬಡಗುತಿಟ್ಟಿನ ಧಿಗಿಣ ಎಂದರೆ ಹಾರಿ ಹಾರಿ ಗಿರಗಿರನೆ ಸುತ್ತುವುದು. ಮಂಡಿ ಎಂದರೆ ಮೊಣಕಾಲೂರಿ ನೆಲದ ಮೇಲೆ ಬುಗುರಿಯಂತೆ ಸುತ್ತುವುದು. ಅಭಿಮನ್ಯುವಿನಂಥ ಎಳೆಯ ವೀರರಿಗೆ ಮಂಡಿ ಹಾಕಿದರೇನೇ ಕಳೆ. ಕಾವಿನೆಲ ಇದಕ್ಕೆಂದೇ ತಿಕ್ಕಿಟ್ಟಂತಿತ್ತು. ಮೊದಲ ವಾರ ಮೊಣಕಾಲು ಸುಲಿಯುತ್ತಿತ್ತು, ಎರಡನೆಯ ವಾರ ದಡ್ಡುಗಟ್ಟುತ್ತಿತ್ತು, ಪುಷ್ಯ ಮಳೆಯ ಹೊತ್ತಿಗೆ ನಾವು ಹತ್ತು, ಹದಿನೈದು ಸುತ್ತು ಹಾಕುತ್ತಿದ್ದೆವು. ಆ ಕಾಲದ ಮೇಳಗಳಲ್ಲಿ ಹೆಣ್ಣುವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ನಮ್ಮ ನಡುಮನೆಯಲ್ಲಿ ಅಕ್ಕ ಅಭಿಮನ್ಯು, ನಾನು ಬಭ್ರುವಾಹನ. ಹುಡುಗರಲ್ಲಿ ಯಾರಿಗೂ ಅಕ್ಕನಷ್ಟು ಮಂಡಿ ಬರುತ್ತಿರಲಿಲ್ಲ. ಒಂದು ಸಲ ಅವಳು 32 ಸುತ್ತಿದಳು. ಎಣಿಸಿದ್ದು ನಾನೇ. ನಿಂತ ಮೇಲೆ ಅವಳ ಕಣ್ಣು ಇನ್ನೂ ಸುತ್ತುತ್ತಿತ್ತು. "ಮನೆ ಸುತ್ತುತ್ತಾ ಇದೆ ಕಣ್ರೇ, ನಾನು ಮಾತ್ರ ನಿಂತಿದ್ದೇನೆ" ಎಂದು ಕಂಬ ಹಿಡಿದು ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಜಗಳಗಳು ಶುರುವಾಗುತ್ತಿದ್ದವು. ಆಗ ಅಜ್ಜಿ ಕಡೆಗೋಲು ಹೊರತೆಗೆಯುತ್ತಿದ್ದಳು. ಮೊಸರು ಕಡೆಯುವ ಹಗ್ಗದ ಎರಡು ತುದಿಯನ್ನೂ ಒಬ್ಬರೇ ಹಿಡಿದು ಎಳೆಯುವುದು ಕ್ರಮ. ಅಜ್ಜಿ ಒಂದು ತುದಿಯನ್ನು ಜಗಳವಾಡಿದ ಒಬ್ಬನಿಗೆ, ಇನ್ನೊಂದನ್ನು ಎದುರಾಳಿಗೆ ಕೊಟ್ಟು "ನೀವು ದೇವರು, ನೀವು ರಾಕ್ಷಸರು, ಬೆಣ್ಣೆ ಬರೋ ತನಕ" ಎನ್ನುತ್ತಿದ್ದಳು. ಎಳೆತಕ್ಕೆ ಎಳೆತ ಕೂಡದಿದ್ದರೆ ಕಡೆಗೋಲು ತಿರುಗದು. ಸಿಟ್ಟಿನಲ್ಲಿ ಎಳೆದರೆ ಮಜ್ಜಿಗೆ ಮೈಮೇಲೆ. ನೂರಿನ್ನೂರು ಎಳೆತದ ಹೊತ್ತಿಗೆ ಬೆಣ್ಣೆ ತೇಲುತ್ತಿತ್ತು, ತೋಳು ಸೋತಿರುತ್ತಿತ್ತು, ಜಗಳ ಯಾವುದರ ಬಗ್ಗೆ ಎಂಬುದು ಮರೆತಿರುತ್ತಿತ್ತು. ಅವಲಕ್ಕಿ ಕುಟ್ಟುವ ಒನಕೆಯನ್ನೂ ಅವಳು ಹೀಗೇ ದಾಟಿಸಿದ್ದಳು. ನಮ್ಮ ಆಟದಲ್ಲಿ ಅವಳ ಎಷ್ಟು ಕೆಲಸ ಆಗುತ್ತಿತ್ತು ಎಂಬ ಲೆಕ್ಕ ನಮಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಅಕ್ಕನಿಗೆ 13 ತುಂಬಿದ ವರ್ಷದ ಪುಷ್ಯ ಮಳೆ. ಅಂದು ಸಂಕ ಮುಳುಗಿತ್ತು. ನಾವು ಕಂಬಗಳತ್ತ ಓಡಿದೆವು. ಅಕ್ಕ ಬರಲಿಲ್ಲ. ನಡುಮನೆಯ ಹೊಸಿಲ ಒಳಗೆ ನಿಂತಿದ್ದಳು, ಲಂಗದ ಮೇಲೆ ದಾವಣಿ. ಕರೆಯಲು ಹೋದ ನನ್ನನ್ನು ದೊಡ್ಡಮ್ಮ ತಡೆದಳು. "ಅವಳಿನ್ನು ಹಾರೋ ಹಾಗಿಲ್ಲ." ಏಕೆ ಎಂದು ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಬಾಳೆಎಲೆ ಸೀಳುತ್ತಿದ್ದಳು, ತಲೆಯೆತ್ತಲಿಲ್ಲ. "ಅಲ್ಲೇ ಕೂತು ಯಾರು ಔಟು ಅಂತ ನೋಡು ಮಗಾ" ಎಂದಳು ಅಕ್ಕನಿಗೆ. ಪ್ರತಿವರ್ಷ ಸಾಮಾನು ಎತ್ತಿಟ್ಟ ಕೈಯೇ ಈ ಸಲ ಅವಳನ್ನೂ ಎತ್ತಿ ಒಂದು ಕಡೆ ಇಟ್ಟಿತು. ಅಜ್ಜಿಯನ್ನು ನಾನು ಎಷ್ಟು ಹೊಗಳಿದರೂ ಇದೊಂದನ್ನು ಬಿಟ್ಟು ಹೊಗಳಲಾರೆ.

ಒಂಬತ್ತು ಎಂಟಾಯಿತು. ಲೆಕ್ಕ ಕೆಟ್ಟಿತು. ಮೂರು ಕಂಬಕ್ಕೆ ಜೋಡಿ, ಕಳ್ಳ ಒಬ್ಬ, ದೇವರ ಕೋಣೆಯ ಪಕ್ಕದ ನಾಲ್ಕನೆಯ ಕಂಬಕ್ಕೆ ಒಬ್ಬರೇ. ಅಲ್ಲಿ ನಿಂತವರಿಗೆ ಹಿಡಿಯಲು ಕೈಯಿಲ್ಲ. ಅಕ್ಕ ಹೊಸಿಲ ಮೇಲೆ ಕೂತು ತೀರ್ಪು ಕೊಡುತ್ತಿದ್ದಳು, ಹದ್ದಿನಂಥ ಕಣ್ಣು ಅವಳದು, ತಪ್ಪುತ್ತಿರಲಿಲ್ಲ. ಕೈ ಮೊದಲು ಮುಟ್ಟಿತೋ ಬೆರಳು ಮೊದಲು ಮುಟ್ಟಿತೋ ಎಂಬಷ್ಟು ನಿಖರ. ಕೂತಲ್ಲೇ ಅವಳ ಹಿಮ್ಮಡಿ ನೆಲಕ್ಕೆ ತಾಳ ಹಾಕುತ್ತಿತ್ತು. ಎರಡು ವರ್ಷದ ಮೇಲೆ ನನ್ನ ಸರದಿಯೂ ಬಂತು. ನಾನು ಅವಳಷ್ಟು ಸಭ್ಯಳಲ್ಲ, ಗಲಾಟೆ ಮಾಡಿದೆ, ಇನ್ನೊಂದು ಮಳೆಗಾಲ ಗೆದ್ದುಕೊಂಡೆ. ಆ ಹೊತ್ತಿಗೆ ಹುಡುಗರೂ ಹೈಸ್ಕೂಲಿಗೆಂದು ಪೇಟೆ ಸೇರಿದ್ದರು. ಕಂಬಗಳು ಹೆಚ್ಚಾಗಿ ಖಾಲಿ.

ಇದೆಲ್ಲ ಮತ್ತೆ ಒತ್ತರಿಸಿ ಬಂದದ್ದು 2020ರ ಮಾರ್ಚ್‌ನಲ್ಲಿ. ಮಗಳ ಮನೆಗೆಂದು ಬೆಂಗಳೂರಿಗೆ ಹೋದವಳು 24ರ ರಾತ್ರಿಯ ಲಾಕ್‌ಡೌನ್ ಘೋಷಣೆಗೆ ಸಿಕ್ಕಿಬಿದ್ದೆ. ಐದನೆಯ ಮಹಡಿ, ಎರಡು ಮಲಗುವ ಕೋಣೆ, ಐದು ವರ್ಷದ ಮೊಮ್ಮಗ. ಹೊರಗೆ ಬಿಸಿಲು ಹೊಳೆಯುತ್ತಿತ್ತು, ಆದರೆ ಸಂಕ ಮುಳುಗಿತ್ತು. ಮಗಳು, ಅಳಿಯ ಒಂದೊಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ಮೂರನೆಯ ದಿನಕ್ಕೆ ಹುಡುಗ ಸೋಫಾದ ಬೆನ್ನಿನ ಮೇಲೆ ನಡೆಯುತ್ತಿದ್ದ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆಯಂತೆ, ಮಗಳು ಚಿಂತೆಯಿಂದ ಓದಿ ಹೇಳಿದಳು. ನನಗೆ ನಗು ಬಂತು. ನಮ್ಮ ಅಜ್ಜಿಗೆ ಯಾರಾದರೂ 60 ನಿಮಿಷ ನಮ್ಮನ್ನು ಸುಮ್ಮನೆ ಕೂರಿಸುವ ಉಪಾಯ ಹೇಳಿದ್ದರೆ ಅವರಿಗೆ ಕೈಮುಗಿಯುತ್ತಿದ್ದಳು.

ಮರುಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ, ಸಾಮಾನು ಎತ್ತಿಟ್ಟದ್ದು. ಗಾಜಿನ ಹೂದಾನಿ ಫ್ರಿಜ್ಜಿನ ಮೇಲೆ, ಟೀಪಾಯಿ ಬಾಲ್ಕನಿಗೆ. ಹಾಳೆಗೆ ಎಲ್ಲಿಗೆ ಹೋಗಲಿ? ಅಳಿಯನ ಹಳೆಯ ಪಂಚೆ ಮಡಚಿದೆ, ಹುಡುಗನನ್ನು ಕೂರಿಸಿದೆ, ಎಳೆದೆ. ಟೈಲ್ಸ್ ನೆಲ ನಮ್ಮ ಕಾವಿನೆಲಕ್ಕೆ ಏನೂ ಸೋಲಲಿಲ್ಲ. ಸೋತದ್ದು ನನ್ನ ಸೊಂಟ. ಕೊನೆಗೆ ಅವನು ಎಳೆಯುವುದು, ಪಂಚೆಯ ಮೇಲೆ ಅಕ್ಕಿಯ ಚೀಲ ಕೂರುವುದು ಎಂದಾಯಿತು. ಐದು ಕಿಲೋದಿಂದ ಶುರುಮಾಡಿ ಹತ್ತಕ್ಕೆ ಏರಿದ. ಸಂಜೆಗೆ ಕೆಳಗಿನ ಮನೆಯ ಹಿರಿಯರ ಫೋನು ಬಂತು, ತಲೆಯ ಮೇಲೆ ಗುಡುಗುತ್ತಿದೆ ಎಂದು. ಮಗಳು ಕ್ಷಮೆ ಕೇಳಿದಳು. ಅವರು ಸ್ವಲ್ಪ ಯೋಚಿಸಿ, "ನಾಲ್ಕರಿಂದ ಐದು ಆಡಿಸಿ ಅಮ್ಮ, ಆ ಹೊತ್ತಿಗೆ ನಾನು ಕಿವಿಯ ಮಿಶಿನ್ನು ತೆಗೆದಿಟ್ಟು ಮಲಗ್ತೀನಿ" ಎಂದರು. ಅಂಥವರು ಎಲ್ಲ ಮಕ್ಕಳ ಕೆಳಗೂ ವಾಸವಾಗಿರಲಿ.

ಹಾಗೆ ನಾಲ್ಕು ಗಂಟೆಗೆ ಕಂಬದಾಟ. ಕಂಬವಿಲ್ಲದ ಮನೆಯಲ್ಲಿ ಬಾಗಿಲುಗಳೇ ಕಂಬ. ಅಡುಗೆಮನೆಯದು, ಬಚ್ಚಲಿನದು, ಮಲಗುವ ಕೋಣೆಯದು. ಮೂರು ಬಾಗಿಲಿಗೆ ಮೂವರು, ಕಳ್ಳ ಒಬ್ಬ. ಅಳಿಯ ಮೀಟಿಂಗನ್ನು ಮ್ಯೂಟ್ ಮಾಡಿ, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಓಡುತ್ತಿದ್ದರು. ನಡುವೆ ಒಮ್ಮೊಮ್ಮೆ ನಿಂತು ಗಂಭೀರವಾಗಿ ಇಂಗ್ಲಿಷಿನಲ್ಲಿ ಏನೋ ಹೇಳಿ ಮತ್ತೆ ಓಡುತ್ತಿದ್ದರು. ಜಗಳ ಬಂತು, ಬರಲೇಬೇಕಲ್ಲ. ಬಾಗಿಲ ಚೌಕಟ್ಟು ಮುಟ್ಟಿದ್ದು ಮೊಮ್ಮಗನೋ ಅವನ ಅಪ್ಪನೋ? ನಾನು ಶಿವಮೊಗ್ಗದಲ್ಲಿದ್ದ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿದೆ. "ಇನ್ನೊಂದು ಸಲ ಓಡಿ, ನೋಡ್ತೇನೆ" ಎಂದಳು. ಓಡಿದರು. "ಅಳಿಯಂದಿರು ಔಟು." ಧ್ವನಿಯಲ್ಲಿ ಅದೇ ಹಳೆಯ ನಿಖರತೆ. ಆಮೇಲೆ ದಿನಾ ನಾಲ್ಕಕ್ಕೆ ಅವಳೇ ಫೋನು ಮಾಡತೊಡಗಿದಳು. ಪರದೆಯಲ್ಲಿ ಅವಳ ಮುಖವಷ್ಟೇ ಕಾಣುತ್ತಿತ್ತು. ಹಿಮ್ಮಡಿ ಏನು ಮಾಡುತ್ತಿತ್ತೋ.

ಅದಾಗಿ ಎರಡು ವರ್ಷಕ್ಕೆ ಮೊಮ್ಮಗನನ್ನು ಕುಪ್ಪಳಿಗೆ ಕರೆದುಕೊಂಡು ಹೋಗಿದ್ದೆ. ಕುವೆಂಪು ಅವರ ಮನೆ, ಈಗಿನ ಕವಿಮನೆ. ಮೂರಂತಸ್ತಿನ ತೊಟ್ಟಿಮನೆ, ನಮ್ಮ ಮನೆಯಂಥದೇ ಕಂಬಗಳು. ಹುಡುಗ ಒಳಗೆ ಕಾಲಿಟ್ಟವನೇ ಸುತ್ತ ನೋಡಿ "ಅಜ್ಜೀ, ಕಂಬದಾಟ!" ಎಂದ. "ಓಡಬೇಡ, ಇದು ಮ್ಯೂಸಿಯಂ" ಎಂದವಳು ನಾನೇ. ಹೇಳಿದ ಮೇಲೆ ನನ್ನ ಬಾಯಿಯ ಬಗ್ಗೆ ನನಗೇ ಆಶ್ಚರ್ಯವಾಯಿತು.

ನಮ್ಮ ಮನೆ ಮ್ಯೂಸಿಯಂ ಆಗಲಿಲ್ಲ, ಪಾಲಾಯಿತು. ಅಜ್ಜಯ್ಯ ಹೋದ ಕೆಲವು ವರ್ಷಕ್ಕೆ ತೊಟ್ಟಿಗೆ ಅಡ್ಡಲಾಗಿ ಇಟ್ಟಿಗೆಯ ಗೋಡೆ ಎದ್ದಿತು. ಅತ್ತ ಚಿಕ್ಕಪ್ಪನ ಪಾಲು, ಇತ್ತ ದೊಡ್ಡಪ್ಪನದು. ತೊಟ್ಟಿಯ ಮೇಲೆ ಫೈಬರ್ ಶೀಟು ಬಂತು. ಮೂರು ಕಂಬ ಈ ಕಡೆ ಉಳಿದವು. ದೇವರ ಕೋಣೆಯ ಪಕ್ಕದ ನಾಲ್ಕನೆಯದು ಸರಿಯಾಗಿ ಗೋಡೆಯ ದಾರಿಯಲ್ಲೇ ಇತ್ತು. ಕಿತ್ತರೆ ಮಾಡು ಇಳಿಯುತ್ತದೆ. ಮೇಸ್ತ್ರಿ ಅದನ್ನು ಗೋಡೆಯೊಳಗೇ ಸೇರಿಸಿಬಿಟ್ಟ. ಅರ್ಧ ಕಂಬ ಈ ಮನೆಗೆ, ಅರ್ಧ ಆ ಮನೆಗೆ. ಎರಡು ಮನೆಯ ದೊಡ್ಡವರ ನಡುವೆ ಮಾತು ಅಷ್ಟಕ್ಕಷ್ಟೆ. ಕಾರ್ಯ ಕಲಾಪಕ್ಕೆ ಹೇಳುವುದು, ಹೋಗುವುದು, ಉಂಡು ಬರುವುದು.

ಹೋದ ವರ್ಷ ದೊಡ್ಡಮ್ಮನ ವರ್ಷಾಂತಿಕ ಪುಷ್ಯ ಮಳೆಯಲ್ಲೇ ಬಂತು. ಒಂಬತ್ತರಲ್ಲಿ ಏಳು ಮಂದಿ ಸೇರಿದ್ದೆವು. ಎಲ್ಲರಿಗೂ ಮೊಣಕಾಲಿನ ಮಾತು, ಸಕ್ಕರೆಯ ಮಾತು. ನನ್ನ ಗಲ್ಲದ ಗೆರೆಯನ್ನು ಅತ್ತೆಯ ಮಗ ಎಲ್ಲರಿಗೂ ತೋರಿಸಿ, ಹೊಸಿಲು ಎತ್ತರವಿದ್ದದ್ದು ತನ್ನ ತಪ್ಪಲ್ಲ ಎಂದು ಇನ್ನೊಮ್ಮೆ ವಾದಿಸಿದ. ಊಟವಾಗಿ ಎಲೆ ತೆಗೆಯುವಷ್ಟರಲ್ಲಿ ಮಳೆ ದಬದಬ ಹೊಡೆಯತೊಡಗಿತು. ಏಳೆಂಟು ಮೊಮ್ಮಕ್ಕಳು, ಒಂದೂ ಮೊಬೈಲಿಗೆ ಸಿಗ್ನಲ್ ಇಲ್ಲ. ನನ್ನ ಮೊಮ್ಮಗ ಉಳಿದವರಿಗೆ ಕಂಬದಾಟದ ನಿಯಮ ಹೇಳುತ್ತಿದ್ದ. "ನಾಲ್ಕು ಕಂಬ ಬೇಕು. ಮೂರೇ ಇದೆ." ಗೋಡೆಯಿಂದ ಅರ್ಧ ಹೊರಬಿದ್ದ ಹಲಸಿನ ಮರ ಅವನ ಕಣ್ಣಿಗೆ ಬಿತ್ತು. "ಇದೂ ಕಂಬವೇ!"

ಅಷ್ಟರಲ್ಲಿ ಚಿಕ್ಕಪ್ಪನ ಮೊಮ್ಮಗಳೊಬ್ಬಳು, ಉಂಡು ತನ್ನ ಮನೆಗೆ ಹೋಗಿದ್ದವಳು, ಗೋಡೆಯಾಚೆಯಿಂದ ಕೂಗಿದಳು. "ನಮ್ಮ ಕಡೆಯೂ ಇದೆ!" ಹಾಗೆ ಆಟ ಎರಡೂ ಮನೆಗೆ ಹರಡಿತು. ಜಾಗ ಬದಲಾಯಿಸುವವರು ಈ ಬಾಗಿಲಿನಿಂದ ಹೊರಬಿದ್ದು, ಅಂಗಳದ ಮಳೆಯಲ್ಲಿ ತೊಯ್ದು, ಆ ಬಾಗಿಲಿನಿಂದ ಒಳಹೊಕ್ಕರು. ಎರಡೂ ಜಗಲಿಗಳ ತುಂಬ ಒದ್ದೆ ಪಾದ. ಬೇಡವೆನ್ನಲು ಎದ್ದ ತಮ್ಮನನ್ನು ನಾನು ಕೈ ಹಿಡಿದು ಕೂರಿಸಿದೆ. ಜಗಳವೂ ಬಂತು, ಗೋಡೆ ನಡುವಿರುವಾಗ ಮೊದಲು ಮುಟ್ಟಿದ್ದು ಯಾರೆಂದು ನೋಡುವವರು ಯಾರು?

"ನಾನು ಮೊದಲು ಮುಟ್ಟಿದ್ದು!"

"ಸುಳ್ಳು, ಈ ಕಡೆಯಿಂದ ನಾನು ಆಗಲೇ ಹಿಡಿದಿದ್ದೆ!"

ಎಲ್ಲರೂ ಹೊಸಿಲ ಮೇಲೆ ಕೂತಿದ್ದ ಅಕ್ಕನ ಕಡೆ ತಿರುಗಿದರು. ಅಕ್ಕ ಗೋಡೆಯನ್ನು ನೋಡಿದಳು, ಕಂಬವನ್ನು ನೋಡಿದಳು. "ಇಲ್ಲಿ ಕೂತರೆ ಕಾಣೋದಿಲ್ಲ" ಎಂದಳು. ಗೋಡೆಗೆ ಕೈ ಊರಿ ನಿಧಾನ ಎದ್ದಳು, ಸೆರಗು ಸಿಕ್ಕಿಸಿದಳು. "ಕೊಡೆ ತಗೋ ಅಕ್ಕಾ" ಎಂದು ನಾನು ಕೂಗುವಷ್ಟರಲ್ಲಿ ಅಂಗಳಕ್ಕಿಳಿದಿದ್ದಳು. ಪಾಚಿಯ ಮೇಲೆ ಹೆಜ್ಜೆ ಹೇಗಿಡಬೇಕೆಂದು ಕಾಲಿಗೆ ಇನ್ನೂ ಗೊತ್ತಿತ್ತು. ಚಿಕ್ಕಪ್ಪನ ಮನೆಯ ಬಾಗಿಲು ಕಿರುಗುಟ್ಟಿತು. ಸ್ವಲ್ಪ ಹೊತ್ತು ಮಳೆಯ ಸದ್ದಷ್ಟೇ.

ಆಮೇಲೆ ಗೋಡೆಯಾಚೆಯಿಂದ ಅವಳ ಧ್ವನಿ ಬಂತು.

"ಈ ಕಡೆ ನಾನು ಹಿಡಿದಿದ್ದೇನೆ. ಕಳ್ಳ ಯಾರ್ರೋ?"